1966ರ ಮಸ್ಟಾಂಗ್ ಕೊಂಡ ಕಥೆ: ಹಳೆಯ ಅಮೆರಿಕನ್ ಕಾರು ಹುಡುಕುತ್ತಿರುವವರಿಗೆ

ಕಾರು ಕೊನೆಗೂ ನನ್ನ ಹೆಸರಿಗೆ ಆಯಿತು. 1966ರ ಫೋರ್ಡ್ ಮಸ್ಟಾಂಗ್, ಎರಡು ಬಾಗಿಲಿನ ಹಾರ್ಡ್‌ಟಾಪ್ (ಮಡಚದ ಗಟ್ಟಿ ಚಾವಣಿಯದು), ತಿಳಿ ನೀಲಿ ಬಣ್ಣ. ಹೋದ ವರ್ಷ ಬೇಸಿಗೆಯಲ್ಲಿ ಹುಡುಕಲು ಶುರು ಮಾಡಿದ್ದೆ. ಕಾಗದಪತ್ರ ಎಲ್ಲಾ ಮುಗಿದದ್ದು ಮೊನ್ನೆ ಮೊನ್ನೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಸುತ್ತಮುತ್ತಲಿನ ನಮ್ಮ ಕನ್ನಡದ ಗೆಳೆಯರಲ್ಲಿ ಕೆಲವರಿಗೆ ಇಂಥದ್ದೇ ಗಾಡಿ ಕೊಳ್ಳುವ ಆಸೆ ಇದೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಜಾಹೀರಾತಿನಲ್ಲಿ ಬರೆಯದ ವಿಷಯಗಳು ಬೇಕಾದಷ್ಟಿವೆ.

ಮೊದಲು, ಯಾಕೆ ಮಸ್ಟಾಂಗ್? 1957ರ ಷೆವಿ ಬೆಲ್ ಏರ್ ನನಗೂ ಇಷ್ಟ. 1969ರ ಕಮಾರೋ, ಪಾಂಟಿಯಾಕ್ ಜಿಟಿಒ ಎಲ್ಲವೂ ಇಷ್ಟ. ಆದರೆ ನನ್ನ ಹತ್ತಿರ ಇದ್ದದ್ದು ಉಳಿತಾಯದ ದುಡ್ಡು, ಅದಕ್ಕೊಂದು ಮಿತಿ ಇತ್ತು. ಇಷ್ಟು ಹಳೆಯ ಗಾಡಿಗೆ ಮಾಮೂಲಿ ಕಾರ್ ಲೋನ್ ಸಿಗುವುದು ಕಷ್ಟ. ಇಂಥ ಕಾರುಗಳಿಗೇ ಸಾಲ ಕೊಡುವ ಕಂಪನಿಗಳು ಬೇರೆ ಇವೆ, ಆದರೆ ನನಗೆ ಸಾಲ ಬೇಡವಾಗಿತ್ತು. ಮಸ್ಟಾಂಗ್ ಮೊದಲ ಸಲ ಜನರ ಮುಂದೆ ಬಂದದ್ದು 1964ರ ಏಪ್ರಿಲ್ 17ರಂದು, ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ. ಬಂದ ದಿನದಿಂದಲೇ ಜನ ಮುಗಿಬಿದ್ದರು. 1966ರ ಮಾದರಿಯೊಂದೇ 6 ಲಕ್ಷಕ್ಕೂ ಜಾಸ್ತಿ ತಯಾರಾಯಿತು. ಹಾಗಾಗಿ ಇವತ್ತಿಗೂ ಮಾರಾಟಕ್ಕೆ ಸಿಗುತ್ತದೆ, ಬೆಲೆ ಕೈಗೆಟುಕುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಬಿಡಿ ಭಾಗ ಸಿಗುತ್ತವೆ. ಬಾಗಿಲಿನ ರಬ್ಬರ್‌ನಿಂದ ಹಿಡಿದು ತಳದ ತಗಡಿನವರೆಗೆ ಎಲ್ಲವನ್ನೂ ಹೊಸದಾಗಿ ಮಾಡುವವರಿದ್ದಾರೆ. ಮೊದಲ ಸಲ ಹಳೆಯ ಕಾರು ಕೊಳ್ಳುವವರಿಗೆ ಇದಕ್ಕಿಂತ ಧೈರ್ಯ ಬೇರೆ ಬೇಕಾ?

ಜಾಹೀರಾತಿನ ಭಾಷೆ ಅರ್ಥ ಮಾಡಿಕೊಳ್ಳಲು ನನಗೆ ಸ್ವಲ್ಪ ಸಮಯ ಹಿಡಿಯಿತು. 'ಪ್ರಾಜೆಕ್ಟ್' ಅಂದರೆ ಓಡದ ಗಾಡಿ, ಅರ್ಧ ಬಿಚ್ಚಿ ಡಬ್ಬದಲ್ಲಿಟ್ಟಿರುತ್ತಾರೆ. 'ಡ್ರೈವರ್' ಅಂದರೆ ಓಡುತ್ತದೆ, ಸಣ್ಣಪುಟ್ಟ ಕುಂದುಗಳಿವೆ. 'ಸರ್ವೈವರ್' ಅಂದರೆ ಯಾರೂ ಬಿಚ್ಚಿ ರಿಪೇರಿ ಮಾಡದೆ ಹುಟ್ಟಿದ ಹಾಗೇ ಉಳಿದದ್ದು. 'ರೆಸ್ಟೋಮಾಡ್' ಅಂದರೆ ಹೊರಗೆ ಹಳೆಯ ರೂಪ, ಒಳಗೆ ಹೊಸ ಎಂಜಿನ್, ಹೊಸ ಬ್ರೇಕ್. ಬೆಲೆ ತಿಳಿಯಲು ಹಳೆಯ ಕಾರುಗಳಿಗೆ ವಿಮೆ ಮಾಡುವ ಹ್ಯಾಗರ್ಟಿ ಕಂಪನಿಯವರ ಬೆಲೆಪಟ್ಟಿಯನ್ನು ನೋಡಿ. ಅದರಲ್ಲಿ ಸ್ಥಿತಿಗೆ ತಕ್ಕ ಹಾಗೆ 1ರಿಂದ 4ರವರೆಗೆ ದರ್ಜೆ ಇದೆ. 1 ಅಂದರೆ ಪೆಬಲ್ ಬೀಚಿನಂಥ ಪ್ರದರ್ಶನದ ಮಟ್ಟ. ಮಾರುವವರು ತಮ್ಮ ಗಾಡಿಗೆ 2 ಅನ್ನುತ್ತಾರೆ. ಹೋಗಿ ನೋಡಿದರೆ ಬಹಳ ಸಲ ಅದು 3.

ಹರಾಜಿನ ಬಗ್ಗೆಯೂ ಒಂದು ಮಾತು. ಜನವರಿಯಲ್ಲಿ ಸ್ಕಾಟ್ಸ್‌ಡೇಲ್‌ನಲ್ಲಿ ಬ್ಯಾರೆಟ್-ಜ್ಯಾಕ್ಸನ್, ಫ್ಲಾರಿಡಾದ ಕಿಸ್ಸಿಮ್ಮಿಯಲ್ಲಿ ಮೀಕಮ್ ನಡೆಯುತ್ತವೆ. ನೋಡಲು ಹಬ್ಬವೇ. ಆದರೆ ಕೂಗಿದ ಬೆಲೆಯ ಮೇಲೆ ಕೊಳ್ಳುವವರು ಹರಾಜಿನವರಿಗೆ ಪ್ರತ್ಯೇಕ ಕಮಿಷನ್ ಕೊಡಬೇಕು. ಗಾಡಿಯನ್ನು ಎತ್ತಿ ತಳ ನೋಡಲು, ಓಡಿಸಿ ನೋಡಲು ಅವಕಾಶ ಕಡಿಮೆ. ನಾನು ಅದಕ್ಕೇ ಮಾಲೀಕರಿಂದ ನೇರವಾಗಿ ಕೊಳ್ಳುವುದು ಅಂತ ತೀರ್ಮಾನಿಸಿದೆ.

ಅಪ್ಪ ಹಾಸನದ ಕೆಎಸ್‌ಆರ್‌ಟಿಸಿ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದವರು. ಫೋನ್ ಮಾಡಿ ಹೇಳಿದಾಗ ಮೊದಲು ಬೇಡ ಅಂದರು. ಆಮೇಲೆ ಅವರಿಗೇ ಕುತೂಹಲ ಬಂತು. "ಪೇಂಟ್ ನೋಡಿ ಮರುಳಾಗಬೇಡ ಕಣೋ. ಕೆಳಗೆ ಮಲಗಿ ತಳ ನೋಡು. ತಳ ಹೋದ್ರೆ ಗಾಡಿ ಹೋದ ಹಾಗೆ," ಅಂದರು. ಮಸ್ಟಾಂಗ್ ವಿಷಯದಲ್ಲಿ ಈ ಮಾತು ಅಕ್ಷರಶಃ ನಿಜ. ಬೆಲ್ ಏರ್, ಷೆವೆಲ್‌ನಂಥ ಕಾರುಗಳಿಗೆ ಕೆಳಗೆ ಬೇರೆಯೇ ಚಾಸಿ ಇರುತ್ತದೆ. ಮಸ್ಟಾಂಗಿಗೆ ಇಲ್ಲ. ಬಾಡಿಯೇ ಚಾಸಿ. ತಳದ ತಗಡಿಗೆ, ಅದಕ್ಕೆ ಬೆಸೆದ ಉದ್ದನೆಯ ಉಕ್ಕಿನ ತೊಲೆಗಳಿಗೆ ತುಕ್ಕು ಹಿಡಿದರೆ ಇಡೀ ಗಾಡಿಯ ಬಲವೇ ಹೋಯಿತು.

ಮೊದಲು ನೋಡಿದ ಗಾಡಿ ನಮ್ಮ ಊರಿನ ಹತ್ತಿರವೇ ಇತ್ತು. ಕೆಂಪು ಬಣ್ಣ, ಕನ್ನಡಿಯಂಥ ಹೊಳಪು, 'ಅಸಲಿ ವಿ8' ಅಂತ ಜಾಹೀರಾತು. ಬಾನೆಟ್ ಎತ್ತಿದರೆ ನಿಜಕ್ಕೂ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್ ಇತ್ತು. ಆದರೆ ಚಕ್ರ ನೋಡಿದೆ. ನಾಲ್ಕೇ ನಟ್. ಆ ಕಾಲದ ಮಸ್ಟಾಂಗ್‌ಗಳಲ್ಲಿ ಆರು ಸಿಲಿಂಡರಿನ ಗಾಡಿಗೆ ಚಕ್ರಕ್ಕೆ ನಾಲ್ಕು ನಟ್, ವಿ8ಗೆ ಐದು. ಆಮೇಲೆ ಕಾರ್ಖಾನೆಯಲ್ಲಿ ಒತ್ತಿದ ಗಾಡಿಯ ನಂಬರ್ ನೋಡಿದೆ, ಎಂಜಿನ್ ಸೂಚಿಸುವ ಜಾಗದಲ್ಲಿ ಟಿ ಅಕ್ಷರ. ಟಿ ಅಂದರೆ 200 ಕ್ಯೂಬಿಕ್ ಇಂಚಿನ ಆರು ಸಿಲಿಂಡರ್. ಅಂದರೆ ಯಾರೋ ಆಮೇಲೆ ವಿ8 ಕೂರಿಸಿದ್ದರು. ಎಂಜಿನ್ ಬದಲಿಸುವುದು ತಪ್ಪಲ್ಲ. ಆದರೆ ಆರು ಸಿಲಿಂಡರಿನ ಗಾಡಿಯ ಬ್ರೇಕ್ ಡ್ರಮ್ಮು ಚಿಕ್ಕದು, ಹಿಂದಿನ ಆಕ್ಸಲ್ ಹಗುರ. ಅವೆಲ್ಲಾ ಹಾಗೇ ಇದ್ದವು. ಭಾರದ ಎಂಜಿನ್, ಸಣ್ಣ ಬ್ರೇಕ್. ಇದು ಬೆಲೆಯ ಪ್ರಶ್ನೆಯಷ್ಟೇ ಅಲ್ಲ, ಜೀವದ ಪ್ರಶ್ನೆ. ನಾನು ವಾಪಸ್ ಬಂದೆ.

ಈ ನಂಬರ್ ವಿಷಯವನ್ನು ಇಲ್ಲೇ ಬಿಡಿಸಿ ಹೇಳುತ್ತೇನೆ. ಇವತ್ತಿನ ಕಾರಿಗೆ 17 ಅಕ್ಷರದ ವಿನ್ ನಂಬರ್, ಅಂದರೆ ಗಾಡಿಯ ಗುರುತಿನ ಸಂಖ್ಯೆ ಇರುತ್ತದೆ. ಅದು ಕಡ್ಡಾಯವಾದದ್ದು 1981ರಿಂದ. ಅದಕ್ಕಿಂತ ಹಳೆಯದಕ್ಕೆ ಒಂದೊಂದು ಕಂಪನಿಯದು ಒಂದೊಂದು ಪದ್ಧತಿ. 1966ರ ಮಸ್ಟಾಂಗ್ ನಂಬರ್ 6R07C ಅಂತ ಶುರುವಾಗಿದ್ದರೆ ಹೀಗೆ ಓದಬೇಕು: 6 ಅಂದರೆ 1966. ಎರಡನೆಯ ಅಕ್ಷರ ಕಾರ್ಖಾನೆ: ಎಫ್ ಆದರೆ ಡಿಯರ್‌ಬಾರ್ನ್, ಟಿ ಆದರೆ ಮೆಟಚನ್, ಆರ್ ಆದರೆ ಸ್ಯಾನ್ ಹೊಸೆ. 07 ಅಂದರೆ ಹಾರ್ಡ್‌ಟಾಪ್, 08 ಮಡಚುವ ಚಾವಣಿಯದು, 09 ಫಾಸ್ಟ್‌ಬ್ಯಾಕ್, ಅಂದರೆ ಚಾವಣಿ ಹಿಂದಕ್ಕೆ ಇಳಿಜಾರಾಗಿರುವುದು. ಕೊನೆಯ ಅಕ್ಷರ ಎಂಜಿನ್. ಟಿ ಆರು ಸಿಲಿಂಡರ್. ಸಿ ಅಂದರೆ 289 ಕ್ಯೂಬಿಕ್ ಇಂಚಿನ, ಸುಮಾರು 4.7 ಲೀಟರಿನ ವಿ8, 200 ಅಶ್ವಶಕ್ತಿ. ಎ ಅಂದರೆ ಅದೇ ಎಂಜಿನ್ನಿಗೆ ದೊಡ್ಡ ಕಾರ್ಬುರೇಟರ್, 225. ಕೆ ಅಂದರೆ ಎಲ್ಲಕ್ಕಿಂತ ಜೋರಿನದು, ಬೆಲೆಯೂ ಹಾಗೇ. ಉಳಿದ ಆರು ಅಂಕಿ ಆ ಗಾಡಿಯ ಸರಣಿ ಸಂಖ್ಯೆ.

ಈ ನಂಬರ್ ಡ್ರೈವರ್ ಬಾಗಿಲಿನ ಪಟ್ಟಿಯ ಮೇಲೂ ಇರುತ್ತದೆ. ಅದನ್ನು ನಂಬಬೇಡಿ. ಅಂಥ ಪಟ್ಟಿಯನ್ನು ಹೊಸದಾಗಿ ಮಾಡಿಕೊಡುವವರಿದ್ದಾರೆ, ಬಾಗಿಲನ್ನೇ ಬೇರೆ ಗಾಡಿಯಿಂದ ತಂದು ಹಾಕಿರಬಹುದು. ಅಸಲಿ ನಂಬರ್ ಬಾನೆಟ್ ಒಳಗೆ, ಡ್ರೈವರ್ ಕಡೆಯ ಒಳ ಮಡ್‌ಗಾರ್ಡಿನ ಮೇಲಂಚಿನಲ್ಲಿ ಒತ್ತಿರುತ್ತಾರೆ. ಅದು ಕಾಣಲಿ ಅಂತಲೇ ಹೊರ ಮಡ್‌ಗಾರ್ಡಿನ ಅಂಚನ್ನು ಸ್ವಲ್ಪ ಕತ್ತರಿಸಿರುತ್ತಾರೆ. ಟಾರ್ಚ್, ಬಟ್ಟೆ ತೆಗೆದುಕೊಂಡು ಹೋಗಿ. ಒರೆಸಿ ಓದಿ. ಫೋಟೋ ತೆಗೆಯಿರಿ. ಇನ್ನೊಂದು: 'ಮ್ಯಾಚಿಂಗ್ ನಂಬರ್ಸ್', ಅಂದರೆ ಗಾಡಿಯ ಜೊತೆ ಹುಟ್ಟಿದ ಅಸಲಿ ಎಂಜಿನ್ನೇ ಇದೆ ಅಂತ ಯಾರಾದರೂ ಹೇಳಿದರೆ ಏನು ಆಧಾರ ಅಂತ ಕೇಳಿ. 1966ರಲ್ಲಿ ಮಸ್ಟಾಂಗ್ ಎಂಜಿನ್ನಿನ ಮೇಲೆ ಗಾಡಿಯ ನಂಬರ್ ಒತ್ತುತ್ತಿದ್ದದ್ದು ಕೆ ಎಂಜಿನ್ನಿಗೆ ಮಾತ್ರ. ಉಳಿದವಕ್ಕೆ ಎರಕ ಹೊಯ್ದ ತಾರೀಖು ನೋಡಿ ಊಹಿಸಬಹುದು, ಅಷ್ಟೇ. 1967 ಮತ್ತು ಅದರ ನಂತರದ ಫೋರ್ಡ್ ಕೊಳ್ಳುವವರಿಗೆ ಮಾರ್ಟಿ ರಿಪೋರ್ಟ್ ಅಂತ ಸಿಗುತ್ತದೆ. ಫೋರ್ಡ್ ಕಂಪನಿಯ ದಾಖಲೆಯಿಂದಲೇ ನಿಮ್ಮ ಗಾಡಿ ಹೇಗೆ ತಯಾರಾಯಿತು ಅಂತ ತೆಗೆದುಕೊಡುತ್ತಾರೆ. ನನ್ನದು 1966, ಆ ಅನುಕೂಲ ಇರಲಿಲ್ಲ.

ಆಮೇಲೆ ನೋಡಿದವುಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. ಸ್ಯಾಕ್ರಮೆಂಟೊ ಕಡೆಯದು. ನಂಬರ್ ಸರಿ, ಎಂಜಿನ್ ಸರಿ, ತಳವೂ ಮೇಲ್ನೋಟಕ್ಕೆ ಸರಿ. ಮಾಲೀಕರ ಅನುಮತಿ ಕೇಳಿ ಮುಂಗಾಜಿನ ಬುಡದಲ್ಲಿರುವ ಗಾಳಿಕಿಂಡಿಗೆ ಒಂದು ಚೊಂಬು ನೀರು ಹುಯ್ದೆ. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿ ಟಾರ್ಚ್ ಬಿಟ್ಟರೆ ನೀರು ಕಾರ್ಪೆಟ್ಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ಇದು ಈ ಗಾಡಿಗಳ ಹಳೆಯ ಕಾಯಿಲೆ. ಗಾಳಿಕಿಂಡಿಯ ಒಳಗೆ ಎಲೆ, ಮಣ್ಣು ಸೇರಿ ತೇವ ನಿಲ್ಲುತ್ತದೆ, ತಗಡು ತೂತಾಗುತ್ತದೆ. ಅದನ್ನು ಸರಿ ಮಾಡಲು ಮುಂಭಾಗ ಎಲ್ಲಾ ಬಿಚ್ಚಿ, ಒಂದೊಂದೇ ಬೆಸುಗೆ ಕೊರೆದು ತೆಗೆಯಬೇಕು. ಸಾವಿರಗಟ್ಟಲೆ ಡಾಲರ್ ಕೆಲಸ. ಒಂದು ಚೊಂಬು ನೀರಿನಲ್ಲಿ ಗೊತ್ತಾಗುತ್ತದೆ, ದಯವಿಟ್ಟು ಬಿಡಬೇಡಿ. ಜೊತೆಗೆ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಳ್ಳಿ. ತೆಳು ಬಟ್ಟೆಯಲ್ಲಿ ಸುತ್ತಿ ಹಿಂದಿನ ಚಕ್ರದ ಸುತ್ತ, ಬಾಗಿಲಿನ ಕೆಳಗಡೆ, ಡಿಕ್ಕಿಯ ಮೂಲೆಗಳಲ್ಲಿ ಹಿಡಿದು ನೋಡಿ. ಅಂಟದಿದ್ದರೆ ಒಳಗೆ ತಗಡಿಲ್ಲ, ಪುಟ್ಟಿ ಇದೆ.

ಮಳೆಗಾಲ ಬಂತು, ನನಗೆ ಉತ್ಸಾಹ ಕಡಿಮೆಯಾಗುತ್ತಾ ಬಂತು. ವಾರಾಂತ್ಯಗಳೆಲ್ಲಾ ಇದಕ್ಕೇ ಹೋಗುತ್ತಿದ್ದವು. ಆಗ ಕಣ್ಣಿಗೆ ಬಿದ್ದದ್ದು ಅರಿಜೋನಾದ ಟೂಸಾನ್‌ನ ಜಾಹೀರಾತು. ಮರುಭೂಮಿಯ ಗಾಡಿಗೆ ತುಕ್ಕು ಕಡಿಮೆ. ಮಿಷಿಗನ್, ಒಹಾಯೋ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ಅದು ತಳವನ್ನು ತಿಂದುಹಾಕುತ್ತದೆ. ಅರಿಜೋನಾದಲ್ಲಿ ಉಪ್ಪಿಲ್ಲ, ಆದರೆ ಬಿಸಿಲಿದೆ. ಡ್ಯಾಶ್‌ಬೋರ್ಡ್ ಬಿರುಕು ಬಿಡುತ್ತದೆ, ರಬ್ಬರ್ ಒಣಗಿ ಪುಡಿಯಾಗುತ್ತದೆ, ಸೀಟು ಹರಿಯುತ್ತದೆ. ರಬ್ಬರ್, ಸೀಟು ಹೊಸದು ಸಿಗುತ್ತವೆ. ತಿಂದುಹೋದ ಬಾಡಿಯನ್ನು ಮತ್ತೆ ಕಟ್ಟುವುದಕ್ಕೆ ಹೋಲಿಸಿದರೆ ಅದು ಏನೂ ಅಲ್ಲ.

ಕೇಳಿದ ಬೆಲೆ 21,000 ಡಾಲರ್. ಮಾಲೀಕರು ಎಪ್ಪತ್ತು ದಾಟಿದ ಹಿರಿಯರು, ದಶಕಗಳಿಂದ ಅವರ ಬಳಿಯೇ ಇದ್ದ ಗಾಡಿ. ನಾನು ಮೊದಲು ಅಲ್ಲಿನ ಒಬ್ಬ ಸ್ವತಂತ್ರ ಪರೀಕ್ಷಕರನ್ನು ಕಳಿಸಿದೆ. ಅವರಿಗೆ ಕೊಟ್ಟದ್ದು 350 ಡಾಲರ್. ಗಾಡಿಯನ್ನು ಲಿಫ್ಟಿಗೆ ಏರಿಸಿ ತಳದ ಫೋಟೋ, ಎಂಜಿನ್ನಿನ ಕಂಪ್ರೆಷನ್ ಲೆಕ್ಕ, ಓಡಿಸಿದ ವಿಡಿಯೋ ಎಲ್ಲಾ ಕಳಿಸಿದರು. ಬಾಗಿಲಿನ ಪಟ್ಟಿಯಲ್ಲಿ ಬಣ್ಣದ ಗುರುತು ಎಫ್, ಅಂದರೆ ಆರ್ಕೇಡಿಯನ್ ಬ್ಲೂ. ಡಿಕ್ಕಿಯ ಮ್ಯಾಟಿನ ಕೆಳಗೂ, ಬಾಗಿಲಿನ ಸಂದಿಯಲ್ಲೂ ಅದೇ ನೀಲಿ. ಯಾರೂ ಬಣ್ಣ ಬದಲಿಸಿಲ್ಲ. ಚಕ್ರಕ್ಕೆ ಐದು ನಟ್. ನಂಬರಿನಲ್ಲಿ ಸಿ. ಜೊತೆಗೆ ಕಾರ್ಖಾನೆಯ ಅಕ್ಷರ ಆರ್!

ನಮ್ಮ ಕಡೆಯವರಿಗೆ ಇದರ ಮಹತ್ವ ಹೇಳಲೇಬೇಕು. ಫೋರ್ಡಿನ ಆ 'ಸ್ಯಾನ್ ಹೊಸೆ' ಕಾರ್ಖಾನೆ ಇದ್ದದ್ದು ಮಿಲ್ಪಿಟಾಸ್‌ನಲ್ಲಿ. 1955ರಿಂದ 1983ರವರೆಗೆ ನಡೆಯಿತು. ಮುಚ್ಚಿದ ಮೇಲೆ ಅದೇ ಕಟ್ಟಡ 1994ರಲ್ಲಿ ಗ್ರೇಟ್ ಮಾಲ್ ಆಯಿತು. ಊರಿಂದ ಬಂದ ಅಪ್ಪ ಅಮ್ಮನನ್ನು ನಾವೆಲ್ಲಾ ಕರೆದುಕೊಂಡು ಹೋಗುವ ಅದೇ ಮಾಲ್. ನಾನು ವರ್ಷಗಳಿಂದ ಅಲ್ಲಿ ಓಡಾಡಿದ್ದೇನೆ. ಅಲ್ಲಿ ತಯಾರಾದ ಗಾಡಿ ಈಗ ಟೂಸಾನ್‌ನಲ್ಲಿ ಮಾರಾಟಕ್ಕಿದೆ ಅಂತ ತಿಳಿದಾಗ ನನಗೆ ಮೈ ಜುಮ್ಮೆಂದಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ವಿಮಾನ ಹತ್ತಿ ಹೋದೆ. ಹಿರಿಯರು ಗ್ಯಾರೇಜ್ ತೆರೆದು, ಎಂಜಿನ್ ತಣ್ಣಗಿರಲಿ ಅಂತ ಬೆಳಿಗ್ಗೆಯಿಂದ ಸ್ಟಾರ್ಟ್ ಮಾಡದೆ ಕಾದಿದ್ದರು. ಇದನ್ನು ಗಮನಿಸಿ. ನೀವು ಹೋಗುವ ಮುಂಚೆಯೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿರಬಹುದು. ಪೆಡಲನ್ನು ಎರಡು ಸಲ ಒತ್ತಿ ಚೋಕ್ ಕೂರಿಸಿ ಕೀಲಿ ತಿರುಗಿಸಿದರು. ಹಿಡಿಯಿತು. ಸೈಲೆನ್ಸರಿನಿಂದ ನೀಲಿ ಹೊಗೆ ಇಲ್ಲ. ಚೊಂಬು ನೀರಿನ ಪರೀಕ್ಷೆಗೂ ಒಪ್ಪಿದರು, ಕಾರ್ಪೆಟ್ ಒಣಗಿಯೇ ಇತ್ತು. ಟೈರಿನ ಗೆರೆಗಳು ಸವೆಯದೆ ಆಳವಾಗಿದ್ದವು, ಆದರೆ ಪಕ್ಕದಲ್ಲಿ ಒತ್ತಿದ ಕೊನೆಯ ನಾಲ್ಕು ಅಂಕಿ 2209. 2009ರ 22ನೇ ವಾರದಲ್ಲಿ ಮಾಡಿದ ಟೈರು ಅಂತ ಅದರ ಅರ್ಥ. ನೋಡಲು ಚೆನ್ನಾಗಿದ್ದರೂ ಹೆದ್ದಾರಿಗೆ ಅಪಾಯ. ಅದನ್ನು ತೋರಿಸಿ ಮಾತಾಡಿದ ಮೇಲೆ 19,500ಕ್ಕೆ ಒಪ್ಪಿದರು.

ಆಮೇಲೆ ಟೈಟಲ್ ತರಿಸಿದೆ. ಇಲ್ಲಿ ಟೈಟಲ್ ಅಂದರೆ ಒಡೆತನದ ಪತ್ರ. ನಮ್ಮೂರಿನ ಆರ್‌ಸಿಯ ಹಾಗೆ ಗಾಡಿಯಲ್ಲಿಟ್ಟು ಓಡಾಡುವುದಲ್ಲ, ಮನೆಯಲ್ಲಿ ಜೋಪಾನವಾಗಿಡುವುದು. ಅದನ್ನೂ, ಬಾನೆಟ್ ಒಳಗಿನ ನಂಬರನ್ನೂ ಅಕ್ಷರ ಅಕ್ಷರ ಹೋಲಿಸಿದೆ. ಮೊದಲ ಅಕ್ಷರದಲ್ಲೇ ನಿಂತೆ. ತಗಡಿನ ಮೇಲೆ 6 ಇದೆ. ಟೈಟಲ್‌ನಲ್ಲಿ ಇಂಗ್ಲಿಷಿನ G ಇದೆ. ಗಾಡಿ ಎಷ್ಟೋ ಕೈ ಬದಲಾಗಿ ಬಂದದ್ದು. ಯಾವ ಕಾಲದಲ್ಲಿ, ಯಾವ ಕಚೇರಿಯಲ್ಲಿ, ಯಾರ ಕೈತಪ್ಪಿನಿಂದ ಹೀಗಾಯಿತೋ. ಅಲ್ಲಿಂದ ಮುಂದೆ ಹಾಗೇ ನಕಲಾಗುತ್ತಾ ಬಂದಿದೆ. ಹಿರಿಯರು ಕನ್ನಡಕ ಹಾಕಿ ನೋಡಿದರು. "ಇಷ್ಟು ವರ್ಷ ನನ್ನ ಕಣ್ಣಿಗೆ ಬಿದ್ದಿಲ್ಲವಲ್ಲ," ಅಂತ ಪೇಚಾಡಿಕೊಂಡರು.

ಒಂದು ಅಕ್ಷರ ತಾನೆ ಅನ್ನಿಸಬಹುದು. ಆದರೆ ಬೇರೆ ರಾಜ್ಯದ ಗಾಡಿಯನ್ನು ಕ್ಯಾಲಿಫೋರ್ನಿಯಾದಲ್ಲಿ ರಿಜಿಸ್ಟರ್ ಮಾಡಿಸುವಾಗ ಒಬ್ಬರು ಗಾಡಿಯನ್ನು ಕಣ್ಣಾರೆ ನೋಡಿ ನಂಬರ್ ಬರೆದುಕೊಳ್ಳುತ್ತಾರೆ. ಅದು ಟೈಟಲ್‌ಗೆ ಹೊಂದದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ, ಹೈವೇ ಪೊಲೀಸರ ತಪಾಸಣೆಗೆ ಹೋಗಬೇಕಾಗುತ್ತದೆ. ಕದ್ದ ಗಾಡಿ ಇರಬಹುದಾ ಅನ್ನುವ ಅನುಮಾನಕ್ಕೆ ಎಡೆಯಾಗುತ್ತದೆ. ಅಷ್ಟು ಹೊತ್ತಿಗೆ ದುಡ್ಡು ಕೊಟ್ಟಾಗಿರುತ್ತದೆ. ಹಾಗಾಗಿ ನಾನು ಪೂರ್ತಿ ಹಣ ಕೊಡಲಿಲ್ಲ. 500 ಡಾಲರ್ ಮುಂಗಡ ಕೊಟ್ಟು, ಒಂದು ಹಾಳೆಯಲ್ಲಿ ಬರೆಸಿಕೊಂಡೆ: ಟೈಟಲ್ ತಿದ್ದಿಸಿದ ಮೇಲೆ ಇದೇ ಬೆಲೆಗೆ ಕೊಡುವುದು, ತಿದ್ದಲಾಗದಿದ್ದರೆ ಮುಂಗಡ ವಾಪಸ್. ಇಬ್ಬರೂ ಸಹಿ ಹಾಕಿದೆವು. ಬರಿಗೈಯಲ್ಲಿ ವಿಮಾನ ಹತ್ತಿದೆ.

ಆ ಕಾಯುವಿಕೆಯೇ ಈ ಇಡೀ ಪ್ರಯಾಣದಲ್ಲಿ ಕಷ್ಟದ ಭಾಗ. ಹಿರಿಯರು ಗಾಡಿಯನ್ನು ಅಲ್ಲಿನ ಇನ್ಸ್‌ಪೆಕ್ಷನ್‌ಗೆ ಒಯ್ದು, ನಂಬರ್ ತೋರಿಸಿ, ಅರ್ಜಿ ಹಾಕಿದರು. ವಾರಗಳು ಕಳೆದವು. ನಡುವೆ ಒಬ್ಬ ಡೀಲರ್ ಬಂದು ನನಗಿಂತ ಜಾಸ್ತಿ ದುಡ್ಡನ್ನು ನಗದಾಗಿ ಕೊಡುತ್ತೇನೆ, ಟೈಟಲ್ ಹೇಗಿದ್ದರೂ ಸರಿ ಅಂದನಂತೆ. ಹಿರಿಯರೇ ಫೋನ್ ಮಾಡಿ ಇದನ್ನು ಹೇಳಿದರು. ನನ್ನ ಎದೆ ಧಸಕ್ಕೆಂದಿತು. "ಹೆದರಬೇಡಿ, ನಿಮಗೆ ಮಾತು ಕೊಟ್ಟಿದ್ದೇನೆ," ಅಂದರು. ಅವರ ಈ ಪ್ರಾಮಾಣಿಕತೆಗೆ ನಾನು ಯಾವತ್ತೂ ಋಣಿ. ಕೊನೆಗೆ ತಿದ್ದಿದ ಟೈಟಲ್ ಬಂತು. ಫೋಟೋ ಕಳಿಸಿದರು. 6R07C. ಮನೆಯಲ್ಲಿ ಆವತ್ತು ಪಾಯಸ ಮಾಡಿದೆವು.

ಹಣ ಕೊಡುವಾಗ ಎಚ್ಚರ. ನಾನು ಮತ್ತೆ ಹೋಗಿ, ಅವರ ಬ್ಯಾಂಕಿನಲ್ಲೇ ಕುಳಿತು ಕ್ಯಾಷಿಯರ್ಸ್ ಚೆಕ್ (ಬ್ಯಾಂಕೇ ಬರೆದುಕೊಡುವ ಚೆಕ್) ಕೊಟ್ಟೆ. ಅರಿಜೋನಾದಲ್ಲಿ ಟೈಟಲ್ ಮೇಲೆ ಮಾರುವವರ ಸಹಿ ನೋಟರಿ ಮುಂದೆ ಆಗಬೇಕು, ಆ ಬ್ಯಾಂಕಿನಲ್ಲೇ ನೋಟರಿ ಇದ್ದರು. ಮಾರಾಟ ಪತ್ರ ಬೇರೆ ಬರೆಸಿಕೊಳ್ಳಿ: ತಾರೀಖು, ಬೆಲೆ, ಪೂರ್ತಿ ನಂಬರ್, ಇಬ್ಬರ ವಿಳಾಸ. ಟೈಟಲ್‌ನಲ್ಲಿರುವ ಹೆಸರು ಮತ್ತು ನಿಮ್ಮ ಎದುರಿಗಿರುವವರ ಗುರುತಿನ ಚೀಟಿಯ ಹೆಸರು ಒಂದೇ ಇರಬೇಕು. 'ನನ್ನ ಗೆಳೆಯನ ಹೆಸರಲ್ಲಿದೆ, ಅವನು ಸಹಿ ಹಾಕಿ ಕೊಟ್ಟಿದ್ದಾನೆ' ಅಂದರೆ ಎದ್ದು ಬನ್ನಿ. ಹಳೆಯ ಸಾಲ ಟೈಟಲ್ ಮೇಲೆ ಹಾಗೇ ನಮೂದಾಗಿದ್ದರೆ ಸಾಲ ತೀರಿದ ಪತ್ರವನ್ನೂ ಕೇಳಿ. ಮೀಟರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಐದೇ ಅಂಕಿಯ ಮೀಟರ್ ಅದು, 99,999 ಆದ ಮೇಲೆ ಮತ್ತೆ ಸೊನ್ನೆಯಿಂದ ಶುರು. ಅದರಲ್ಲಿ ಕಾಣುವ ಮೈಲಿಗೆ ದುಡ್ಡು ಕೊಡಬೇಡಿ. ಅರಿಜೋನಾದಲ್ಲಿ ನಂಬರ್ ಪ್ಲೇಟು ಮಾರಿದವರ ಹತ್ತಿರವೇ ಉಳಿಯುತ್ತದೆ. ಹಾಗಾಗಿ ಗಾಡಿ ಪ್ಲೇಟಿಲ್ಲದೆ ಬರುತ್ತದೆ.

ವಿಮೆಯನ್ನು ದುಡ್ಡು ಕೊಡುವ ಮುಂಚೆಯೇ ಮಾಡಿಸಿದ್ದೆ. ಮಾಮೂಲಿ ವಿಮೆ ಹಳೆಯ ಗಾಡಿಗೆ ಸವಕಳಿ ಲೆಕ್ಕ ಹಾಕುತ್ತದೆ. 'ಒಪ್ಪಿದ ಮೌಲ್ಯ'ದ ವಿಮೆ ತೆಗೆದುಕೊಳ್ಳಿ. ಗಾಡಿ ಪೂರ್ತಿ ಹಾಳಾದರೆ ಮೊದಲೇ ಒಪ್ಪಿಕೊಂಡ ಮೊತ್ತವನ್ನು ಕೊಡುತ್ತಾರೆ. ದಿನನಿತ್ಯಕ್ಕೆ ಬೇರೆ ಕಾರು ಇರಬೇಕು, ಇದನ್ನು ಗ್ಯಾರೇಜಿನಲ್ಲಿ ಇಡಬೇಕು ಅನ್ನುವಂಥ ಷರತ್ತುಗಳಿರುತ್ತವೆ. ಕಂತು ಮಾತ್ರ ನಿಮ್ಮ ಮಾಮೂಲಿ ಕಾರಿಗಿಂತ ಕಡಿಮೆಯೇ ಬರಬಹುದು.

ಟೂಸಾನ್‌ನಿಂದ ಫ್ರೀಮಾಂಟಿಗೆ 800 ಮೈಲಿಗೂ ಜಾಸ್ತಿ. ಹಳೆಯ ಟೈರಿನಲ್ಲಿ ಓಡಿಸಿಕೊಂಡು ಬರುವ ಮಾತೇ ಇಲ್ಲ. ಟ್ರಕ್ಕಿನಲ್ಲಿ ತರಿಸಬೇಕು. ಇಲ್ಲಿ ಇನ್ನೊಂದು ಅಡ್ಡಿ. ನಾನು ಮಾತಾಡಿದ ಏಜೆಂಟು 700 ಡಾಲರ್ ಅಂದ. ಹೇಳಿದ ದಿನ ಟ್ರಕ್ ಬರಲಿಲ್ಲ. ಆಮೇಲೂ ಬರಲಿಲ್ಲ. ಕೊನೆಗೆ "ಈ ಬೆಲೆಗೆ ಯಾವ ಡ್ರೈವರೂ ಒಪ್ಪುತ್ತಿಲ್ಲ, ಇನ್ನೂ 500 ಸೇರಿಸಿ" ಅಂದ. ಗಾಡಿ ಹಿರಿಯರ ಗ್ಯಾರೇಜಿನಲ್ಲೇ ಇತ್ತು, ಅವರಿಗೆ ತೊಂದರೆ ಕೊಡುತ್ತಿದ್ದೇನೆ ಅಂತ ನನಗೆ ಸಂಕಟ. ಆ ಬುಕಿಂಗ್ ರದ್ದು ಮಾಡಿ, ಸ್ವಂತ ಟ್ರಕ್ ಇರುವ ಒಬ್ಬರನ್ನು ಹುಡುಕಿ, 1,150ಕ್ಕೆ ತರಿಸಿದೆ. ಏಜೆಂಟು ಬೇರೆ, ಟ್ರಕ್ ಓಡಿಸುವವರು ಬೇರೆ ಅನ್ನುವುದು ತಿಳಿದಿರಲಿ. ಟ್ರಕ್ಕಿನವರ ಪರವಾನಗಿ ಮತ್ತು ವಿಮೆಯನ್ನು ಕೇಂದ್ರ ಸಾರಿಗೆ ಇಲಾಖೆಯ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ನೋಡಬಹುದು. ಉಳಿದವರೆಲ್ಲರಿಗಿಂತ ತುಂಬಾ ಕಡಿಮೆ ಬೆಲೆ ಹೇಳಿದರೆ ನಂಬಬೇಡಿ. ಸುತ್ತ ಮುಚ್ಚಿದ ಟ್ರಕ್ಕಿಗೆ ಹೆಚ್ಚುಕಮ್ಮಿ ಎರಡರಷ್ಟು ಆಗುತ್ತದೆ. ಪ್ರದರ್ಶನದ ಗಾಡಿಗೆ ಅದು ಸರಿ, ನನ್ನದಕ್ಕೆ ತೆರೆದ ಟ್ರಕ್ಕೇ ಸಾಕಿತ್ತು.

ದೊಡ್ಡ ಟ್ರಕ್ ನಮ್ಮ ಬೀದಿಗೆ ಬರುವುದಿಲ್ಲ. ಒಂದು ವಿಶಾಲವಾದ ಪಾರ್ಕಿಂಗ್ ಜಾಗದಲ್ಲಿ ಇಳಿಸಿದರು. ಇಳಿಸಿದ ಕೂಡಲೇ, ಚೀಟಿಗೆ ಸಹಿ ಹಾಕುವ ಮುಂಚೆ, ಸುತ್ತಲೂ ಫೋಟೋ ತೆಗೆಯಿರಿ. ನಾನು ಒಳಗೆ ಕೂತು ನಿಧಾನಕ್ಕೆ ಮುಂದೆ ಬಿಟ್ಟು ಬ್ರೇಕ್ ಒತ್ತಿದೆ. ಪೆಡಲ್ ಸೀದಾ ತಳಕ್ಕೆ ಹೋಯಿತು. ಗಾಡಿ ನಿಲ್ಲಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದೆ, ನಿಂತಿತು. ಖಾಲಿ ಜಾಗ, ಯಾರಿಗೂ ಏನೂ ಆಗಲಿಲ್ಲ. ಆದರೆ ಕೈಕಾಲು ನಡುಗುತ್ತಿತ್ತು. ಅಲ್ಲಿಂದ ಟೋ ಮಾಡಿಸಿಕೊಂಡು ಮನೆಗೆ ತಂದೆ.

ಹಿಂದಿನ ಒಂದು ಚಕ್ರದ ಸಿಲಿಂಡರಿನ ರಬ್ಬರ್ ಒಣಗಿ, ದಾರಿಯ ಅಲುಗಾಟಕ್ಕೆ ಎಣ್ಣೆ ಸೋರಿಹೋಗಿತ್ತು. ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಯಾಕೆ ಹೋಗಬೇಕು? ಪೆಡಲ್ ಒತ್ತಿದಾಗ ಚಕ್ರಗಳಿಗೆ ಬ್ರೇಕ್ ಎಣ್ಣೆ ತಳ್ಳುವುದು ಮಾಸ್ಟರ್ ಸಿಲಿಂಡರ್. 1966ರವರೆಗೆ ಮಸ್ಟಾಂಗಿನಲ್ಲಿ ಅದಕ್ಕೆ ಒಂದೇ ಕೋಣೆ. ಮುಂದೆ ಹಿಂದೆ ಎರಡಕ್ಕೂ ಅದರಿಂದಲೇ ಎಣ್ಣೆ. 1967ರಿಂದ ಎರಡು ಕೋಣೆ ಬಂತು, ಒಂದು ಹೋದರೂ ಇನ್ನೊಂದು ಹಿಡಿಯುತ್ತದೆ. ಹಾಗಾಗಿ ಇಂಥ ಗಾಡಿ ಕೊಂಡವರಿಗೆ ನನ್ನ ಬಲವಾದ ಮಾತು: ಬಣ್ಣ, ಸೀಟು, ರೇಡಿಯೋ ಎಲ್ಲಕ್ಕಿಂತ ಮೊದಲು ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಹಾಕಿಸಿ. ಅಸಲಿತನ ಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ತೆಗೆದ ಹಳೆಯದನ್ನು ಡಬ್ಬದಲ್ಲಿ ಇಟ್ಟುಕೊಳ್ಳಿ. ಹೇವರ್ಡ್‌ನಲ್ಲಿ ಈ ಕಾಲದ ಗಾಡಿಗಳನ್ನೇ ನೋಡುವ ಹಳೆಯ ಮೆಕ್ಯಾನಿಕ್ ಒಬ್ಬರು ಸಿಕ್ಕರು. ಮಾಸ್ಟರ್ ಸಿಲಿಂಡರ್, ಚಕ್ರದ ಸಿಲಿಂಡರುಗಳು, ಹೋಸು, ಶೂ ಎಲ್ಲಾ ಹೊಸದು. ಕೂಲಿ ಸೇರಿ 1,400 ಡಾಲರ್. ಟೈರಿಗೆ 620. ಪೆಟ್ರೋಲ್ ಹೋಸುಗಳನ್ನೂ ಬದಲಿಸಿದರು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಅದು ಆ ಕಾಲದ ರಬ್ಬರನ್ನು ಕರಗಿಸುತ್ತದೆ. ಎಂಜಿನ್ ಹತ್ತಿರ ಪೆಟ್ರೋಲ್ ಸೋರಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ.

ಇತ್ತ ರಿಜಿಸ್ಟ್ರೇಷನ್‌ಗೆ ಗಡುವು ಓಡುತ್ತಿತ್ತು. ಹೊರ ರಾಜ್ಯದ ಗಾಡಿ ಕ್ಯಾಲಿಫೋರ್ನಿಯಾಕ್ಕೆ ಬಂದ 20 ದಿನದೊಳಗೆ ಶುಲ್ಕ ಕಟ್ಟಬೇಕು, ತಡವಾದರೆ ದಂಡ. ಗಾಡಿ ಇನ್ನೂ ಮೆಕ್ಯಾನಿಕ್ ಹತ್ತಿರ ಇದ್ದರೂ ಪರವಾಗಿಲ್ಲ, ಅರ್ಜಿ ಕೊಟ್ಟು ಶುಲ್ಕ ಕಟ್ಟಿಬಿಡಿ. ಉಳಿದ ಕಾಗದ ಆಮೇಲೆ ಕೊಡಬಹುದು. ನಂಬರ್ ತಪಾಸಣೆಗೆ ಗಾಡಿಯನ್ನು ಕಚೇರಿಗೇ ಒಯ್ಯಬೇಕಾಗಿಲ್ಲ. ಪರವಾನಗಿ ಪಡೆದ ಖಾಸಗಿ ತಪಾಸಕರು ಮನೆಗೇ ಬರುತ್ತಾರೆ. ಮಾಮೂಲಿ ಟೈಟಲ್ ಇರುವ ಗಾಡಿಗೆ ಅದು ಸಾಕು. ನನ್ನ ಗಾಡಿಯ ಬಾನೆಟ್ ಎತ್ತಿ, ತಿದ್ದಿದ ಟೈಟಲ್ ಪಕ್ಕದಲ್ಲಿ ಹಿಡಿದು, ಓದಿ, ಸಹಿ ಹಾಕಿ ಹೋದರು. ನಿಮಿಷಗಳಲ್ಲಿ ಮುಗಿಯಿತು. ಟೂಸಾನ್‌ನಲ್ಲಿ ಕಾದದ್ದರ ಫಲ ಇಲ್ಲಿ ಸಿಕ್ಕಿತು.

ಬಹಳ ಜನ ಲೆಕ್ಕಕ್ಕೆ ಹಿಡಿಯದ ಖರ್ಚು ಒಂದಿದೆ, ಯೂಸ್ ಟ್ಯಾಕ್ಸ್. ಡೀಲರ್ ಅಲ್ಲದ ಖಾಸಗಿಯವರಿಂದ ಕೊಂಡರೂ, ಹೊರ ರಾಜ್ಯದಲ್ಲಿ ಕೊಂಡರೂ ನೀವಿರುವ ಊರಿನ ದರದಲ್ಲಿ ತೆರಿಗೆ ಕಟ್ಟಬೇಕು. ಕ್ಯಾಲಿಫೋರ್ನಿಯಾದ ಮೂಲ ದರ ಶೇಕಡಾ 7.25. ನಮ್ಮ ಊರಿನ ಸ್ಥಳೀಯ ತೆರಿಗೆ ಸೇರಿ 10ಕ್ಕೂ ಜಾಸ್ತಿ. ಸುಮಾರು 2,000 ಡಾಲರ್ ಅದಕ್ಕೇ ಹೋಯಿತು. ವಿಮಾನ, ತಪಾಸಣೆ, ಟ್ರಕ್, ಬ್ರೇಕ್, ಟೈರು, ತೆರಿಗೆ ಎಲ್ಲಾ ಸೇರಿಸಿದರೆ 19,500ರ ಗಾಡಿ 26,000ದ ಹತ್ತಿರ ಬಂದು ನಿಂತಿದೆ. ಕೈಯಲ್ಲಿರುವ ದುಡ್ಡಿನ ಕಾಲು ಭಾಗ ಪಕ್ಕಕ್ಕಿಟ್ಟು, ಉಳಿದದ್ದರಲ್ಲಿ ಗಾಡಿ ಹುಡುಕಿ.

ಹೊಗೆ ತಪಾಸಣೆ ಬಗ್ಗೆ ಕೇಳುವವರು ಜಾಸ್ತಿ. ಇಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಮಾದರಿಗೆ ಅದು ಬೇಕಿಲ್ಲ. 1976ರಿಂದ ಈಚೆಗಿನದಕ್ಕೆ ಬೇಕು. 1977ರ ಟ್ರಾನ್ಸ್ ಆ್ಯಮ್ ಮೇಲೆ ಕಣ್ಣಿಟ್ಟಿರುವ ಗೆಳೆಯರು ಇದನ್ನು ಗಮನಿಸಿ. ಆ ಗಾಡಿಯಲ್ಲಿ ಹೊಗೆ ಕಡಿಮೆ ಮಾಡುವ ಅಸಲಿ ಉಪಕರಣವೆಲ್ಲಾ ಇರಬೇಕು, ಹಿಂದಿನ ಮಾಲೀಕರು ಕಿತ್ತೆಸೆದಿದ್ದರೆ ಮತ್ತೆ ಹುಡುಕಿ ಹಾಕಿಸುವುದು ತಲೆನೋವು.

ಪ್ಲೇಟಿನಲ್ಲೂ ಆಯ್ಕೆ ಇದೆ. 'ಹಿಸ್ಟಾರಿಕಲ್ ವೆಹಿಕಲ್' ಪ್ಲೇಟಿಗೆ ಶುಲ್ಕ ಕಡಿಮೆ, ಆದರೆ ಪ್ರದರ್ಶನ, ಮೆರವಣಿಗೆಯಂಥ ಕೆಲಸಕ್ಕೆ ಮಾತ್ರ ಓಡಿಸಬೇಕು. ನನಗೆ ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಸುತ್ತಾಡುವ ಆಸೆ, ಅದಕ್ಕೇ ಮಾಮೂಲಿ ರಿಜಿಸ್ಟ್ರೇಷನ್ ಮಾಡಿಸಿದೆ. 1963ರಿಂದ 1969ರವರೆಗೆ ಇಲ್ಲಿ ಕೊಡುತ್ತಿದ್ದದ್ದು ಕಪ್ಪು ತಗಡಿನ ಮೇಲೆ ಹಳದಿ ಅಕ್ಷರದ ಪ್ಲೇಟು. ಆ ಕಾಲದ ಅಸಲಿ ಜೋಡಿ ಪ್ಲೇಟು ಸಿಕ್ಕಿದರೆ, ಅದರ ನಂಬರ್ ಬೇರೆ ಯಾರ ಹೆಸರಲ್ಲೂ ಇಲ್ಲದಿದ್ದರೆ, ಅದನ್ನೇ ನಿಮ್ಮ ಗಾಡಿಗೆ ದಾಖಲು ಮಾಡಿಸಬಹುದು. ಸಿಗದಿದ್ದರೆ ಅದೇ ರೂಪದ ಹೊಸ ಪ್ಲೇಟನ್ನು 50 ಡಾಲರ್ ಕೊಟ್ಟು ತರಿಸಿಕೊಳ್ಳಬಹುದು. ನಾನು ಸದ್ಯಕ್ಕೆ ಹೊಸದನ್ನು ಹಾಕಿದ್ದೇನೆ. ಹಳೆಯ ಜೋಡಿಯನ್ನು ಹುಡುಕುತ್ತಿದ್ದೇನೆ, ಯಾರ ಕಣ್ಣಿಗಾದರೂ ಬಿದ್ದರೆ ತಿಳಿಸಿ.

ಪ್ಲೆಸಾಂಟನ್‌ನಲ್ಲಿ ಹಳೆಯ ಕಾರುಗಳ ಗುಡ್‌ಗೈಸ್ ಮೇಳ ನಡೆಯುವಾಗ ಗಾಡಿ ತೆಗೆದುಕೊಂಡು ಹೋಗುತ್ತೇನೆ. ಕೊಳ್ಳುವ ಯೋಚನೆ ಇರುವವರು ಬನ್ನಿ, ಜೊತೆಯಲ್ಲಿ ಹೋಗಿ ನೋಡೋಣ. ಮಾರಾಟಕ್ಕೆ ನಿಲ್ಲಿಸಿದ ಗಾಡಿಗಳ ಸಾಲು ಉದ್ದಕ್ಕೆ ಇರುತ್ತದೆ. ಅಯಸ್ಕಾಂತ, ಟಾರ್ಚ್ ನಾನು ತರುತ್ತೇನೆ.